ಹನ್ನೊಂದನೇ ಸಾಲಿನ ಹೆಸರು

ಶಾಲೆಗೆ ಸೇರಿಸುವ ಫಾರಂನಲ್ಲಿ ಒಂದು ಸಾಲು ಇರುತ್ತದೆ: ತಂದೆತಾಯಿ ಸಿಗದಿದ್ದರೆ ಯಾರಿಗೆ ಫೋನ್ ಮಾಡಬೇಕು, ಇದೇ ಊರಿನವರಾಗಿರಬೇಕು. ಕೆಲವು ಊರುಗಳಲ್ಲಿ ಅದು ಒಂಬತ್ತನೆಯ ಸಾಲು, ಕೆಲವು ಕಡೆ ಹದಿನಾಲ್ಕನೆಯದು. ನಾನು ಮೊಟ್ಟಮೊದಲು ಸೇರಿದ ಶಾಲೆಯಲ್ಲಿ ಹನ್ನೊಂದನೆಯದಾಗಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಹನ್ನೊಂದನೇ ಸಾಲು ಅಂತಲೇ ಹೆಸರು ಉಳಿಯಿತು.

ಹದಿನಾರು ವರ್ಷಕ್ಕೆ ನನಗೆ ಏಳು ಶಾಲೆ ಆಗಿದ್ದವು. ಅಪ್ಪ ರಾಯ್ಸ್ ಹ್ಯಾಡಿಕ್ಸ್ ಸೈನ್ಯದಲ್ಲಿ ಟ್ಯಾಂಕ್ ಪಡೆಯ ಸಾರ್ಜಂಟ್. ಒಂದೆರಡು ವರ್ಷಕ್ಕೊಮ್ಮೆ ಆದೇಶ ಬರುತ್ತಿತ್ತು, ನಾವು ಗಂಟುಮೂಟೆ ಕಟ್ಟುತ್ತಿದ್ದೆವು. ನಮ್ಮ ಊಟದ ಮೇಜಿನ ಅಡಿಯಲ್ಲಿ ಸಾಮಾನು ಸಾಗಿಸುವವರು ಅಂಟಿಸಿದ ನಂಬರಿನ ಚೀಟಿಗಳು ಏಳು ಬಣ್ಣದಲ್ಲಿವೆ. ಯಾರೂ ಕೀಳುವುದಿಲ್ಲ, ಮತ್ತೆ ಅಂಟಿಸುವವರು ಬಂದೇ ಬರುತ್ತಾರಲ್ಲ. ಪ್ರತಿ ರಾಜ್ಯದ ಶಾಲೆಯಲ್ಲೂ ಆ ರಾಜ್ಯದ ಇತಿಹಾಸ ಕಡ್ಡಾಯ. ಟೆಕ್ಸಸ್‌ನ ಇತಿಹಾಸ ನನಗೆ ಗೊತ್ತು, ಕೆಂಟಕಿಯದು ಗೊತ್ತು, ವಾಷಿಂಗ್ಟನ್ ರಾಜ್ಯದ್ದೂ ಗೊತ್ತು. ಇಡೀ ದೇಶದ ಇತಿಹಾಸವನ್ನು ಮಾತ್ರ ಒಮ್ಮೆಯೂ ಓದಿ ಮುಗಿಸಿಲ್ಲ.

ದಂಡಿನ, ಅಂದರೆ ಸೈನ್ಯದ ನೆಲೆಯ, ಹೆಂಗಸರಲ್ಲಿ ಒಂದು ಪದ್ಧತಿ ಇದೆ. ಹೊಸ ದಂಡಿಗೆ ಬಂದ ಮೊದಲ ವಾರ, ಮನೆ ಸಿಗುವ ತನಕ ಇಳಿದುಕೊಳ್ಳುವ ಮೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ, ಮುಖಪರಿಚಯವೂ ಇಲ್ಲದ ಇಬ್ಬರು ಹೆಸರು ಬದಲಾಯಿಸಿಕೊಳ್ಳುತ್ತಾರೆ. ನನ್ನ ಮಕ್ಕಳ ಫಾರಂನಲ್ಲಿ ನೀನು, ನಿನ್ನ ಮಕ್ಕಳ ಫಾರಂನಲ್ಲಿ ನಾನು. ಒಬ್ಬಳ ಮನೆತನದ ಹೆಸರನ್ನು ಇನ್ನೊಬ್ಬಳಿಗೆ ಸರಿಯಾಗಿ ಬರೆಯಲು ಬರುವುದಿಲ್ಲ, ಆದರೂ ಸಾಲು ತುಂಬುತ್ತದೆ. ವಾಷಿಂಗ್ಟನ್ನಿನಲ್ಲಿ ನನ್ನ ಅಮ್ಮ ಲೋರ್ನಾ ಹೀಗೆ ಬದಲಾಯಿಸಿಕೊಂಡದ್ದು ಪಿಲಾರ್ ಒಕಾಂಪೊ ಎಂಬಾಕೆಯ ಜೊತೆ. ಒಳ್ಳೆಯ ಹೆಂಗಸು. ನಾಲ್ಕು ತಿಂಗಳಿಗೆ ಅವಳ ಗಂಡನಿಗೆ ವರ್ಗವಾಗಿ ಜಾರ್ಜಿಯಾಕ್ಕೆ ಹೋದಳು. ಫಾರಂನಲ್ಲಿ ಅವಳ ಹೆಸರು ಹಾಗೇ ಉಳಿಯಿತು. ಯಾರೂ ಬದಲಾಯಿಸುವುದಿಲ್ಲ, ನಮ್ಮಂಥವರು ಮಾಡುವ ತಪ್ಪೇ ಅದು.

ನನ್ನ ತಮ್ಮ ವೇಡ್‌ಗೆ ಫಿಟ್ಸ್ ಬರುತ್ತದೆ. ಅವನಿಗೆ ಏಳು ವರ್ಷವಿದ್ದಾಗ ಶಾಲೆಯ ಅಂಗಳದಲ್ಲಿ ಬಂತು. ಅಮ್ಮ ಕೆಲಸದಲ್ಲಿದ್ದಳು, ಫೋನು ಲಾಕರಿನಲ್ಲಿತ್ತು. ಅಪ್ಪ ಕವಾಯತಿಗೆ ಮರುಭೂಮಿಗೆ ಹೋಗಿದ್ದ. ನಾನು ತರಗತಿಯ ಜೊತೆ ಪ್ರವಾಸದಲ್ಲಿದ್ದೆ. ಶಾಲೆಯವರು ಹನ್ನೊಂದನೇ ಸಾಲು ನೋಡಿ ಪಿಲಾರ್‌ಗೆ ಫೋನ್ ಮಾಡಿದರು. ಅವಳು ಎರಡೂವರೆ ಸಾವಿರ ಮೈಲಿ ಆಚೆ ಒಂದು ಅಂಗಡಿಯಲ್ಲಿ ಈರುಳ್ಳಿ ಆರಿಸುತ್ತಿದ್ದಳಂತೆ. ಪಾಪ, ಅಲ್ಲೇ ನಿಂತು ತನಗೆ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದಳು. ಅಮ್ಮ ಆಸ್ಪತ್ರೆ ಮುಟ್ಟುವಾಗ ಮೂರು ಗಂಟೆ ಕಳೆದಿತ್ತು. ವೇಡ್ ಪಕ್ಕದಲ್ಲಿ ಒಬ್ಬ ಪೊಲೀಸ್ ಕೂತಿದ್ದ.

"ನಿನ್ನ ಕಡೆಯವರು ಯಾರು ಅಂತ ಕೇಳ್ತಾನೇ ಇದ್ರು ಅಮ್ಮಾ. ನಂಗೆ ಯಾರ ಹೆಸರು ಹೇಳ್ಬೇಕೋ ಗೊತ್ತಾಗ್ಲಿಲ್ಲ" ಅಂದ ವೇಡ್.

ಅಮ್ಮ ಆ ಮಾತನ್ನು ಮರೆಯಲಿಲ್ಲ. ಮರೆಯುವ ಜಾತಿಯವಳಲ್ಲ.

ಮುಂದಿನ ಆಗಸ್ಟಿನಲ್ಲಿ ಕ್ಯಾನ್ಸಸ್‌ಗೆ ಬಂದೆವು. ದಂಡಿನೊಳಗೆ ಮನೆ ಸಿಗಲು ಒಂದು ವರ್ಷ ಕಾಯಬೇಕು ಅಂದರು. ಸುತ್ತಲಿನ ಯಾವುದಾದರೂ ಸಣ್ಣ ಊರಲ್ಲಿ ಬಾಡಿಗೆಗೆ ಹಿಡಿಯಬೇಕು, ಅದಕ್ಕೆ ಮೋಟೆಲಿನಲ್ಲಿ ಹದಿನಾಲ್ಕು ದಿನ. ಸೆಪ್ಟೆಂಬರ್ ಕೊನೆಗೆ ಅಪ್ಪನ ಪಡೆ ಒಂಬತ್ತು ತಿಂಗಳಿಗೆ ಪೋಲೆಂಡಿಗೆ ಹೊರಡುವುದಿತ್ತು. ಇಷ್ಟು ವರ್ಷ ಎಲ್ಲಿರಬೇಕು ಅಂತ ಸೈನ್ಯ ಹೇಳುತ್ತಿತ್ತು, ನಾವು ಬೈಯುತ್ತಾ ಇರುತ್ತಿದ್ದೆವು. ಈ ಸಲ ನಾವೇ ಆರಿಸಬೇಕು. ಬೈಯಲೂ ಯಾರೂ ಇರಲಿಲ್ಲ.

ಪಟ್ಟಿಯಲ್ಲಿ ಮೂರು ಊರುಗಳಿದ್ದವು. ಎಲ್ಸ್‌ಬರಿ ದಂಡಿನ ಬಾಗಿಲಲ್ಲೇ ಇತ್ತು. ಮಾರ್ಲೋ ಇಪ್ಪತ್ತು ಮೈಲಿ, ಕೆರೆ ಇರುವ ಊರು. ಟಾಲಿವರ್ ಮೂವತ್ತನಾಲ್ಕು ಮೈಲಿ. ಅಪ್ಪ ಮೀನು ಹಿಡಿಯುವ ಆಸೆಗೆ ಮಾರ್ಲೋ ಅನ್ನುತ್ತಿದ್ದ. ನಾನೂ ಮಾರ್ಲೋ ಅನ್ನುತ್ತಿದ್ದೆ, ಯಾಕೆಂದರೆ ಅಲ್ಲಿನ ಶಾಲೆಯಲ್ಲಿ ಆರು ಜನ ಅಕ್ಕಪಕ್ಕ ಈಜುವಷ್ಟು ದೊಡ್ಡ ಈಜುಕೊಳ ಇತ್ತು. ಶಾಲೆ ಬದಲಾದರೂ ಬದಲಾಗದೆ ಉಳಿದ ನನ್ನ ಒಂದೇ ವಿದ್ಯೆ ಈಜು. ಅಮ್ಮ ಮಾತ್ರ ಯಾವ ಊರಿನ ಹೆಸರನ್ನೂ ಹೇಳಲಿಲ್ಲ.

"ಹನ್ನೊಂದನೇ ಸಾಲಿಗೆ ಹೆಸರು ಸಿಕ್ಕ ಊರು" ಅಂದಳು ಅಷ್ಟೇ.

"ಲೋರ್ನಾ, ಇದು ಮನೆ ಹುಡುಕೋ ರೀತಿನಾ?" ಅಂದ ಅಪ್ಪ.

"ನೀನು ಪೋಲೆಂಡಿಗೆ ಹೋಗಲ್ಲ ಅನ್ನು, ಬೇರೆ ರೀತಿ ಹುಡುಕ್ತೀನಿ."

ಅಪ್ಪ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ.

ಎಲ್ಸ್‌ಬರಿಗೆ ನಾವು ಮನೆ ನೋಡಲೂ ಹೋಗಲಿಲ್ಲ. ಆ ಊರಿನ ಕಥೆ ಮೋಟೆಲಿನ ಬಟ್ಟೆ ಕೋಣೆಯಲ್ಲೇ ಮುಗಿಯಿತು. ಅಲ್ಲಿ ಡೀಡ್ರಾ ಎಂಬ ಹೆಂಗಸು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾಣ್ಯ ಹಾಕುತ್ತಿದ್ದಳು.

"ಎಷ್ಟು ಮಕ್ಕಳು?" ಅಂತ ಕೇಳಿದಳು.

"ಇಬ್ಬರು" ಅಂದಳು ಅಮ್ಮ.

"ನಂಗೆ ಮೂರು. ಎಲ್ಸ್‌ಬರೀಲೇ ಮನೆ ಮಾಡಿದೀವಿ, ನಮ್ಮ ಬೀದಿಲೇ ಇನ್ನೊಂದು ಖಾಲಿ ಇದೆ, ಬಂದುಬಿಡಿ. ಫಾರಂ ತುಂಬಿದ್ಯಾ? ನನ್ನ ಹೆಸರು ಹಾಕ್ಕೋ, ನಾನೂ ನಿನ್ನ ಹೆಸರು ಹಾಕ್ಕೋತೀನಿ."

"ನಿನ್ನ ಗಂಡ ಯಾವ ಪಡೆ?"

"ಪೋಲೆಂಡಿಗೆ ಹೋಗ್ತಿದೆಯಲ್ಲ, ಅದೇ."

"ನನ್ನ ಗಂಡನೂ ಅದರಲ್ಲೇ. ಅವರು ಹೋದ ಮೇಲೆ ನೀನು ಇಲ್ಲೇ ಇರ್ತೀಯಾ?"

"ಅಯ್ಯೋ, ಯಾರಿರ್ತಾರೆ ಈ ಗಾಳಿಲಿ! ಒಹಾಯೋಗೆ, ನಮ್ಮಮ್ಮನ ಮನೆಗೆ. ಬೀದಿಗೆ ಬೀದಿಯೇ ಖಾಲಿ ಆಗುತ್ತೆ, ನೋಡ್ತಿರು."

ಅಮ್ಮ ಬಿಸಿ ಟವೆಲ್ಲುಗಳನ್ನು ತೆಗೆದು ಮಡಚಿದಳು. "ಹಾಗಾದ್ರೆ ಈ ಸಲ ಬೇಡ ಡೀಡ್ರಾ. ಬೇಜಾರು ಮಾಡ್ಕೋಬೇಡ" ಅಂದಳು. ನಮಗೆ ಹೋಗಲು ಅಜ್ಜಿಮನೆ ಇರಲಿಲ್ಲ. ಅಜ್ಜಿ ತೀರಿಕೊಂಡಿದ್ದಳು, ಮಾವ ಅಲಾಸ್ಕಾದಲ್ಲಿ ಏಡಿ ಹಿಡಿಯುವ ದೋಣಿಯಲ್ಲಿದ್ದ.

ಮಾರ್ಲೋದಲ್ಲಿ ಒಂದು ಮನೆ ನೋಡಿದೆವು. ಹಸಿರು ಬಾಗಿಲು, ಹಿತ್ತಲಿನಿಂದ ಕೆರೆ ಕಾಣುತ್ತಿತ್ತು. ಅಪ್ಪ ಜಗುಲಿಯಲ್ಲಿ ನಿಂತು ಆಗಲೇ ಗಾಳ ಹಾಕಿದವನ ಹಾಗೆ ಕೈ ಆಡಿಸಿದ. ಮಾಲೀಕಳು ಮಿಸೆಸ್ ಪ್ರೆವಿಟ್ ಪಕ್ಕದ ಮನೆಯಲ್ಲೇ ಇದ್ದವರು. ಬಾಡಿಗೆ, ಕರಾರು, ನಾಯಿ ಸಾಕಬಾರದು, ಎಲ್ಲಾ ಮಾತಾಯಿತು. ಅಮ್ಮ ಪೆನ್ನು ಕೈಗೆ ತೆಗೆದುಕೊಂಡವಳು ಕೆಳಗಿಟ್ಟಳು.

"ಮಿಸೆಸ್ ಪ್ರೆವಿಟ್, ಒಂದು ಕೇಳ್ಲಾ? ನಮ್ಮ ಹುಡುಗನ ಶಾಲೆ ಫಾರಂನಲ್ಲಿ ನಿಮ್ಮ ಹೆಸರು ಹಾಕಬಹುದಾ? ನಾನು ಸಿಗದಿದ್ರೆ ಮಾತ್ರ ನಿಮಗೆ ಫೋನ್ ಬರುತ್ತೆ. ಅವನಿಗೆ ಆಗಾಗ ಫಿಟ್ಸ್ ಬರುತ್ತೆ."

ಮಿಸೆಸ್ ಪ್ರೆವಿಟ್ ಅಮ್ಮನ ಕೈ ಹಿಡಿದುಕೊಂಡರು. "ಅಯ್ಯೋ ಕಂದಾ, ಆ ಜವಾಬ್ದಾರಿ ನಂಗೆ ಬೇಡಮ್ಮ. ನಾಳೆ ಏನಾದ್ರೂ ಆದ್ರೆ? ಕೋರ್ಟು ಕಚೇರಿ ಅಂತ ಯಾರು ಅಲೀತಾರೆ? ನೀವು ನಿಧಾನಕ್ಕೆ ಸ್ನೇಹಿತರನ್ನ ಮಾಡ್ಕೋತೀರ, ಬಿಡಿ."

ಅವರು ಕೆಟ್ಟವರೇನಲ್ಲ. ಹೊರಡುವಾಗ ವೇಡ್ ಕೈಗೆ ಒಂದು ಚೀಲ ಬಿಸ್ಕತ್ತು ಕೊಟ್ಟರು. ಆದರೆ ನಿಧಾನ ಅನ್ನುವುದು ನಮ್ಮ ಹತ್ತಿರ ಇರಲಿಲ್ಲ. ನಮ್ಮ ಹತ್ತಿರ ಇದ್ದದ್ದು ಐದು ದಿನ.

ಕಾರಿನಲ್ಲಿ ನಾನು ಜಗಳ ತೆಗೆದೆ. "ಒಂದು ಹೆಸರಿಗೋಸ್ಕರ ಅಂಥ ಮನೆ ಬಿಡ್ತೀಯಾ? ಏನೋ ಒಂದು ಹೆಸರು ಬರೆದ್ರಾಯ್ತು. ಡೀಡ್ರಾನ ಹೆಸರು ಬರಿ!"

"ಪಿಲಾರ್‌ದೂ ಏನೋ ಒಂದು ಹೆಸರೇ ಆಗಿತ್ತು ಕೊರಿನ್" ಅಂದಳು ಅಮ್ಮ. ಹಿಂದಿನ ಸೀಟಿನಲ್ಲಿ ವೇಡ್ ಬಿಸ್ಕತ್ತು ತಿನ್ನುವುದನ್ನು ನಿಲ್ಲಿಸಿದ. ನಾನು ಬಾಯಿ ಮುಚ್ಚಿಕೊಂಡೆ. ನನ್ನ ಮಾತು ತಪ್ಪು ಅನ್ನಿಸಿ ಅಲ್ಲ, ವೇಡ್ ಮುಖ ನೋಡಿ.

ಮರುದಿನ ಅಪ್ಪನಿಗೆ ದಂಡಿನಲ್ಲಿ ಕೆಲಸವಿತ್ತು. ನಾವು ಮೂವರೇ ಟಾಲಿವರ್‌ಗೆ ಹೋದೆವು. ಸಾವಿರದ ನಾನೂರು ಜನ, ಗೋಧಿ ತುಂಬುವ ಎತ್ತರದ ಬಿಳಿ ಗೋಪುರ, ಒಂದು ಹೋಟೆಲು, ಒಂದು ಟೈರ್ ಅಂಗಡಿ, ನಾಲ್ಕು ಚರ್ಚು. ಒಂದನೇ ತರಗತಿಯಿಂದ ಹನ್ನೆರಡರ ತನಕ ಒಂದೇ ಕಟ್ಟಡದ ಶಾಲೆ. ಈಜುಕೊಳ ಇದೆಯಾ ಅಂತ ನಾನು ಕೇಳಲೂ ಇಲ್ಲ.

ಶಾಲೆಯ ಕಚೇರಿಯಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಟೇಬಲ್ ಫ್ಯಾನಿನ ಎದುರು ಕೂತು ಟೊಮೇಟೊ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಹೆಸರು ವರ್ನಾ ಟೀಗ್, ಮಕ್ಕಳಿಗೆಲ್ಲ ಮಿಸ್ ವರ್ನಾ. ಸ್ಯಾಂಡ್‌ವಿಚ್ ಕೆಳಗಿಡದೆಯೇ ಒಂದು ಕೈಯಲ್ಲಿ ಫಾರಂ ಕೊಟ್ಟರು. ಅಮ್ಮ ತುಂಬಿದಳು. ಮಿಸ್ ವರ್ನಾ ಕನ್ನಡಕ ಏರಿಸಿ ನೋಡಿದರು.

"ಎಂಟನೇದು ಖಾಲಿ ಬಿಟ್ಟಿದೀಯ."

ಆ ಶಾಲೆಯಲ್ಲಿ ನಮ್ಮ ಹನ್ನೊಂದನೇ ಸಾಲು ಎಂಟನೆಯದಾಗಿತ್ತು.

"ಇಲ್ಲಿ ನಮಗೆ ಯಾರೂ ಗೊತ್ತಿಲ್ಲ" ಅಂದಳು ಅಮ್ಮ.

"ಯಾರೂ ಅಂದ್ರೆ?"

"ನೀವೊಬ್ಬರು. ನಿಮ್ಮ ಪರಿಚಯ ಆಗಿ ಹತ್ತು ನಿಮಿಷ ಆಯ್ತು."

"ನನ್ನಿಂದ ಏನೂ ಉಪಯೋಗ ಇಲ್ಲ. ಫೋನ್ ಮಾಡೋಳೇ ನಾನು. ನನಗೆ ನಾನೇ ಫೋನ್ ಮಾಡ್ಕೊಂಡು ಹಲೋ ಅನ್ಲಾ?" ಮಿಸ್ ವರ್ನಾ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡರು. ಯಾವ ಪುಸ್ತಕವನ್ನೂ ನೋಡದೆ ಒಂದು ಹೆಸರು, ಒಂದು ನಂಬರು ಬರೆದರು. "ಲೈಲ್ ಗೆಂಟ್ರಿ."

"ಯಾರಿವರು?"

"ನೀವು ಬರುವಾಗ ಬಲಗಡೆ ನೋಡಿಲ್ವಾ, ಊರಿಗೆಲ್ಲ ಒಳ್ಳೇ ಹುಲ್ಲುಹಾಸು ಇರೋ ಮನೆ? ಗೆಂಟ್ರಿ ಶವಸಂಸ್ಕಾರ ಮನೆ."

ಫ್ಯಾನು ಒಂದು ಸುತ್ತು ತಿರುಗಿ ಬಂತು. ವೇಡ್ ನನ್ನ ಕಿವಿಯಲ್ಲಿ, "ಅಂದ್ರೆ ಹೆಣ ಹೂಳೋರಾ?" ಅಂದ. ಪಿಸುಮಾತು ಅಂದುಕೊಂಡಿದ್ದ, ಕಚೇರಿಗೆಲ್ಲ ಕೇಳಿಸಿತು.

"ಅವನೇ ಮಗಾ" ಅಂದರು ಮಿಸ್ ವರ್ನಾ. ಅಮ್ಮನ ಮುಖ ನೋಡಿ ಫ್ಯಾನನ್ನು ಅವಳ ಕಡೆ ತಿರುಗಿಸಿದರು. "ಕೂತ್ಕೋ. ಎಪ್ಪತ್ತನೇ ಇಸವಿ ತನಕ ಈ ಊರಿಗೆ ಆಂಬುಲೆನ್ಸ್ ಅಂದ್ರೆ ಅವರ ಮನೆ ಶವದ ಗಾಡಿನೇ. ಮನುಷ್ಯನ್ನ ಮಲಗಿಸ್ಕೊಂಡು ಹೋಗೋ ಗಾಡಿ ಬೇರೆ ಯಾರ ಹತ್ರ ಇತ್ತು? ಸತ್ತೋರಿಗೂ ಅದೇ, ಬಸುರೀರಿಗೂ ಅದೇ. ನಾನು ಹುಟ್ಟೋವಾಗ ನಮ್ಮಮ್ಮನ್ನ ಆಸ್ಪತ್ರೆಗೆ ಒಯ್ದಿದ್ದು ಇವನಪ್ಪ. ಆಮೇಲೆ ಸರ್ಕಾರದ ಆಂಬುಲೆನ್ಸ್ ಬಂತು, ಅದು ಜಿಲ್ಲೆಯ ಆ ತುದೀಲಿ ನಿಂತಿರುತ್ತೆ, ಬರೋಕೆ ನಲವತ್ತು ನಿಮಿಷ. ಹಾಗಾಗಿ ಈ ಸಾಲಿನಲ್ಲಿ ಜನ ಗೆಂಟ್ರಿ ಹೆಸರು ತೆಗೀಲೇ ಇಲ್ಲ. ಮೊದಲನೇ ರಿಂಗಿಗೆ ಫೋನ್ ಎತ್ತೋನು ಈ ಊರಲ್ಲಿ ಅವನೊಬ್ಬನೇ. ಅವನ ಕಸುಬೇ ಹಾಗೆ. ಡಾಕ್ಟರು ಬುಧವಾರ ಬುಧವಾರ ಗಾಲ್ಫ್ ಆಡ್ತಾನೆ."

"ಅವರನ್ನೊಂದು ಮಾತು ಕೇಳಬೇಡ್ವಾ?"

ಮಿಸ್ ವರ್ನಾ ಫೋನು ಒತ್ತಿದರು. ನಿಜವಾಗಿಯೂ ಒಂದೇ ರಿಂಗು. "ಲೈಲ್, ಹ್ಯಾಡಿಕ್ಸ್ ಅಂತ ದಂಡಿನವರು. ಹುಡುಗನಿಗೆ ಫಿಟ್ಸ್ ಬರುತ್ತಂತೆ. ಎಂಟರಲ್ಲಿ ನಿನ್ನ ಹೆಸರು ಹಾಕಿದೀನಿ." ಸ್ವಲ್ಪ ಹೊತ್ತು ಕೇಳಿಸಿಕೊಂಡರು. ನಂತರ ಫೋನಿಗೆ ಕೈ ಅಡ್ಡ ಹಿಡಿದು ಅಮ್ಮನಿಗೆ, "ಹುಡುಗನ ತೂಕ ಎಷ್ಟು ಅಂತ ಕೇಳ್ತಿದಾನೆ" ಅಂದರು.

ಅಮ್ಮ ಬಿಳಿಚಿಕೊಂಡಳು.

"ಎತ್ತೋಕೆ ಕಣಮ್ಮ! ಅವನ ಮಂಡಿ ಸರಿಯಿಲ್ಲ. ಒಬ್ಬನೇ ಎತ್ತಬಹುದೋ ಜೊತೆಗೊಬ್ಬರು ಬೇಕೋ ಅಂತ ಮೊದಲೇ ತಿಳ್ಕೊಂಡಿರ್ತಾನೆ."

"ಅರವತ್ತೆರಡು ಪೌಂಡು" ಅಂದ ವೇಡ್ ತಾನೇ.

ಕೊನೆಗೆ ಅಮ್ಮ ಫಾರಂ ನೋಡಿದಳು. ಹೆಸರಿನ ಪಕ್ಕದಲ್ಲಿ ಒಂದು ಚೌಕ ಇನ್ನೂ ಖಾಲಿ ಇತ್ತು. "ಸಂಬಂಧ ಅನ್ನೋ ಕಡೆ ಏನು ಬರೀಲಿ?"

"ಊರು ಅಂತ ಬರಿ. ಇಲ್ಲಿ ಎಲ್ಲರೂ ಹಾಗೇ ಬರೆಯೋದು."

ಅಮ್ಮ ಬರೆದಳು.

ಸಂಜೆ ಮೋಟೆಲಿನಲ್ಲಿ ಅಪ್ಪ ಹೌಹಾರಿದ. ಟ್ಯಾಂಕಿನವರಿಗೆ ಇಲ್ಲದ ಮೂಢನಂಬಿಕೆ ಇಲ್ಲ. ಟ್ಯಾಂಕಿನ ಹತ್ತಿರ ಏಪ್ರಿಕಾಟ್ ಹಣ್ಣು ತಂದರೆ ಎಂಜಿನ್ ಕೆಡುತ್ತದೆ, ಜೀವ ಹೋಗುತ್ತದೆ ಅಂತ ನಂಬುತ್ತಾರೆ. ಆ ಹಣ್ಣಿನ ಹೆಸರನ್ನೂ ನಮ್ಮ ಮನೆಯಲ್ಲಿ ಹೇಳುವ ಹಾಗಿರಲಿಲ್ಲ.

"ಇನ್ನಾರು ವಾರಕ್ಕೆ ನಾನು ಹೊರಡ್ತೀನಿ. ನೀನು ಹೋಗಿ ಹೆಣದ ಪೆಟ್ಟಿಗೆಯವನ ಹೆಸರು ಬರೆದು ಬಂದಿದೀಯ! ಅದೂ ಮಗನ ಫಾರಂನಲ್ಲಿ! ನಮ್ಮ ಹುಡುಗರಿಗೆ ಗೊತ್ತಾದ್ರೆ ನನ್ನ ಜೊತೆ ಟ್ಯಾಂಕ್ ಹತ್ತಲ್ಲ."

"ಹೇಳಬೇಡ ಅವರಿಗೆ."

"ಲೋರ್ನಾ, ಅಪಶಕುನ ಕಣೇ ಇದು."

"ಅಪಶಕುನ ಅಂದ್ರೆ ಏನು ಗೊತ್ತಾ ರಾಯ್ಸ್? ಎಂಟು ವರ್ಷದ ಮಗುಗೆ ತನ್ನ ಕಡೆಯವರು ಯಾರು ಅಂತ ಗೊತ್ತಿಲ್ಲದೆ ಇರೋದು. ನಿನ್ನ ಬೆನ್ನಿಗೆ ಇಡೀ ಪಡೆ ಇದೆ. ನನ್ನ ಬೆನ್ನಿಗೆ ಒಂದು ಸಾಲಿದೆ. ಅದರಲ್ಲಿ ಒಂದು ಹೆಸರಾದ್ರೂ ಇರ್ಲಿ."

ಅಪ್ಪ ನನ್ನ ಕಡೆ ನೋಡಿದ. ಅವನ ಜೊತೆ ಮಾರ್ಲೋ ಪಕ್ಷದಲ್ಲಿ ಉಳಿದಿದ್ದವಳು ನಾನೊಬ್ಬಳೇ. "ಟಾಲಿವರ್ ಅಂದ್ರೆ ಮೂರು ಬೀದಿ, ಮಿಕ್ಕಿದ್ದೆಲ್ಲ ಗಾಳಿ" ಅಂದೆ ನಾನು. ಆದರೆ ಜೋರಾಗಿ ಅನ್ನಲಿಲ್ಲ.

ಮರುದಿನ ಅಪ್ಪ ಒಬ್ಬನೇ ಟಾಲಿವರ್‌ಗೆ ಹೋದ, ಆ ಮನುಷ್ಯನಿಗೆ ನೇರವಾಗಿ ಬೇಡ ಅಂತ ಹೇಳಿ ಬರುತ್ತೇನೆ ಅಂತ. ಮಧ್ಯಾಹ್ನ ತಿರುಗಿ ಬಂದವನ ಕೈಯಲ್ಲಿ ಎಂಜಿನ್ ಎಣ್ಣೆ ಮೆತ್ತಿತ್ತು.

"ಅವನದು ಇಪ್ಪತ್ತೆರಡು ವರ್ಷ ಹಳೇ ಗಾಡಿ. ಎಂಜಿನ್ ಕೇಳಿದ್ರೆ ಹೊಸದು ಅನ್ನಬೇಕು. ತಿಂಗಳಿಗೊಂದು ಸಲ ತಾನೇ ಎಲ್ಲಾ ಬಿಚ್ಚಿ ಒರೆಸ್ತಾನಂತೆ. ಬ್ಯಾಟರಿ ಎರಡು ಇಟ್ಟಿದಾನೆ. ನಮ್ಮ ಪಡೇಲಿ ಇಂಥವನು ಒಬ್ಬ ಇದ್ದಿದ್ರೆ..." ಕೈ ಒರೆಸಿಕೊಂಡ. "ಮನೆ ಯಾವುದಾದ್ರೂ ಖಾಲಿ ಇದೆಯಂತಾ ಅಲ್ಲಿ?"

ಆಮೇಲೆ ಗೊತ್ತಾಯಿತು, ಗೆಂಟ್ರಿ ಹೊರಡುವಾಗ ಅಪ್ಪನ ಕೈಗೆ ಮನೆಯಲ್ಲಿ ಮಾಡಿದ ಜಾಮಿನ ಬಾಟಲಿ ಕೊಟ್ಟಿದ್ದರು. ಏಪ್ರಿಕಾಟ್ ಜಾಮು. ಅಪ್ಪ ಅದನ್ನು ಎರಡು ಬೆರಳಲ್ಲಿ ಹಿಡಿದು ತಂದು, ಊರ ಹೊರಗೆ ಯಾರದೋ ಬೇಲಿಯ ಕಂಬದ ಮೇಲೆ ಇಟ್ಟು ಬಂದಿದ್ದ.

ಸೆಪ್ಟೆಂಬರ್ ಕೊನೆಗೆ ಅಪ್ಪ ಹೋದ. ಅಮ್ಮ ಮಾರ್ಲೋದ ವೃದ್ಧಾಶ್ರಮದಲ್ಲಿ ಸಹಾಯಕಿಯ ಕೆಲಸ ಹಿಡಿದಳು, ಅಲ್ಲೂ ಫೋನು ಲಾಕರಿನಲ್ಲೇ. ನಾನು ಟಾಲಿವರ್ ಶಾಲೆಯಲ್ಲಿ ಕ್ಯಾನ್ಸಸ್‌ನ ಇತಿಹಾಸ ಓದತೊಡಗಿದೆ.

ಅಕ್ಟೋಬರ್ ಹತ್ತೊಂಬತ್ತು, ಗುರುವಾರ. ಊಟದ ಹೊತ್ತು ಮುಗಿದಿತ್ತು. ಮಿಸ್ ವರ್ನಾ ಧ್ವನಿವರ್ಧಕದಲ್ಲಿ ನನ್ನ ಹೆಸರು ಕರೆದರು. ಹೋದರೆ ವೇಡ್ ಕಚೇರಿಯ ನೆಲದ ಮೇಲೆ ಮಗ್ಗುಲಾಗಿ ಮಲಗಿದ್ದ, ತಲೆಯ ಕೆಳಗೆ ಮಿಸ್ ವರ್ನಾ ಅವರ ಸ್ವೆಟರು. ಕೈಕಾಲು ಸೆಟೆದು ಹೊಡೆದುಕೊಳ್ಳುತ್ತಿದ್ದವು. ನರ್ಸು ವಾರಕ್ಕೆ ಎರಡು ದಿನ ಮಾತ್ರ ಬರುತ್ತಿದ್ದಳು, ಗುರುವಾರ ಅವಳ ದಿನವಲ್ಲ. ಮಿಸ್ ವರ್ನಾ ಗಡಿಯಾರ ನೋಡಿ, ಐದು ನಿಮಿಷ ಆದೊಡನೆ ಮೂಗಿಗೆ ಸಿಂಪಡಿಸುವ ಔಷಧ ಹಾಕಿದರು. ನಿಂತಿತು. ಎರಡು ನಿಮಿಷಕ್ಕೆ ಮತ್ತೆ ಶುರುವಾಯಿತು. ಹಾಗೆ ಮತ್ತೆ ಬಂದರೆ ಆಸ್ಪತ್ರೆಗೇ ಹೋಗಬೇಕು ಅಂತ ಡಾಕ್ಟರು ಮೊದಲೇ ಹೇಳಿದ್ದರು.

"ಅಮ್ಮಂಗೆ?" ಅಂದೆ.

"ಮೂರು ಸಲ ಮಾಡಿದೆ. ಎತ್ತಲಿಲ್ಲ. ಆಶ್ರಮದ ಕಚೇರೀಲೂ ಯಾರೂ ಎತ್ತಲಿಲ್ಲ. ಆಂಬುಲೆನ್ಸ್‌ಗೆ ಹೇಳಿದೀನಿ, ನಲವತ್ತು ನಿಮಿಷ ಅಂದ್ರು."

"ಮತ್ತೆ?"

"ಎಂಟನೇ ಸಾಲು" ಅಂದರು ಮಿಸ್ ವರ್ನಾ. ಹೊರಗೆ ಜಲ್ಲಿಕಲ್ಲಿನ ಮೇಲೆ ಚಕ್ರದ ಸದ್ದಾಯಿತು.

ಆರು ನಿಮಿಷ. ನಾನು ಗಡಿಯಾರದಲ್ಲೇ ನೋಡಿದ್ದು.

ಲೈಲ್ ಗೆಂಟ್ರಿ ಕರಿಯ ಸೂಟು ತೊಟ್ಟಿದ್ದರು, ಎದೆಯ ಮೇಲೆ ಬಿಳಿ ಹೂವು ಸಿಕ್ಕಿಸಿತ್ತು. ಎತ್ತರದ ಆಳು, ಕುಂಟುತ್ತಾ ಬಂದರು. ಒಂದು ಮಾತೂ ಆಡದೆ ವೇಡ್ ಪಕ್ಕ ಮಂಡಿಯೂರಿದರು. ಆ ಮಂಡಿಯಿಂದ ಬಂದ ಸದ್ದು ನನಗೂ ಕೇಳಿಸಿತು. ಅವನ ಗದ್ದ ಸ್ವಲ್ಪ ಎತ್ತಿ, ಉಸಿರು ನೋಡಿ, ಕಂಬಳಿ ಸುತ್ತಿ ಎತ್ತಿಕೊಂಡರು. ಅರವತ್ತೆರಡಲ್ಲ, ಅಷ್ಟರಲ್ಲಿ ಅವನು ಅರವತ್ತೈದು ಪೌಂಡು ಆಗಿದ್ದ.

"ನೀನು ಅಕ್ಕನಾ? ಹಿಂದೆ ಕೂತ್ಕೋ. ಮಗ್ಗುಲಾಗೇ ಇರ್ಲಿ, ಬೆನ್ನ ಮೇಲೆ ಕೈ ಇಟ್ಕೊಂಡಿರು, ಉಸಿರಿಗೆ ಹೊಟ್ಟೆ ಏಳ್ತಿದೆಯಾ ಇಲ್ವಾ ಹೇಳ್ತಿರು."

ಅದು ಶವದ ಗಾಡಿಯೇ. ಹೋಗಿ ಬೇರೆ ಗಾಡಿ ತರಲು ಹೊತ್ತಿರಲಿಲ್ಲವಂತೆ. ಕರಿಯ ಪರದೆಗಳು, ಲಿಲ್ಲಿ ಹೂವಿನ ಗಾಢ ವಾಸನೆ. ಎರಡು ಹೂಚಕ್ರಗಳನ್ನು ನಾನೇ ಪಕ್ಕಕ್ಕೆ ಒತ್ತಿ ಕೂತೆ. ಟೈರ್ ಅಂಗಡಿಯವನು ರಸ್ತೆಗೆ ಇಳಿದು ಎದುರಿನ ಲಾರಿಯನ್ನು ತಡೆದು ದಾರಿ ಬಿಡಿಸಿದ. ಶವದ ಗಾಡಿ ಅಷ್ಟು ವೇಗವಾಗಿ ಹೋದರೆ ಏನರ್ಥ ಅಂತ ಆ ಊರಲ್ಲಿ ಎಲ್ಲರಿಗೂ ಗೊತ್ತಿತ್ತು.

"ಹೊಟ್ಟೆ ಏಳ್ತಿದೆ" ಅಂತ ನಾನು ಹೇಳುತ್ತಲೇ ಇದ್ದೆ. "ಏಳ್ತಿದೆ. ಏಳ್ತಿದೆ."

"ಸರಿ" ಅನ್ನುತ್ತಿದ್ದರು ಅವರು ಪ್ರತಿ ಸಲವೂ. ಒಮ್ಮೆಯೂ ತಪ್ಪಿಸಲಿಲ್ಲ.

ಮಾರ್ಲೋ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಫಿಟ್ಸ್ ನಿಂತಿತು. ಇನ್ನೂ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಅಂದಳು ಅಲ್ಲಿನ ಡಾಕ್ಟರು. ಎಷ್ಟು ತಡ, ಯಾವ ಕಷ್ಟ ಅಂತ ನಾನು ಕೇಳಲಿಲ್ಲ. ಗೆಂಟ್ರಿ ಅಲ್ಲಿಂದ ನೇರ ವೃದ್ಧಾಶ್ರಮಕ್ಕೆ ಹೋಗಿ ಅಮ್ಮನನ್ನು ಕರೆತಂದರು. ಶವದ ಗಾಡಿ ಬಾಗಿಲಿಗೆ ಬಂದಾಗ ಅಲ್ಲಿನ ಮುದುಕರು ಯಾರಿಗಿರಬಹುದು ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಸೂಟು ತೊಟ್ಟ ಅವರನ್ನು ಕಂಡು ಅಮ್ಮನ ಜೀವ ಬಾಯಿಗೆ ಬಂತು. ಅದು ಅವರಿಗೂ ಗೊತ್ತಿತ್ತು. ಬಾಗಿಲಿನಿಂದಲೇ, "ಹುಡುಗ ಚೆನ್ನಾಗಿದಾನೆ ಮಿಸೆಸ್ ಹ್ಯಾಡಿಕ್ಸ್, ಮೊದಲು ಅದನ್ನ ಕೇಳಿಸ್ಕೊಳ್ಳಿ" ಅಂತ ಕೂಗಿದರಂತೆ.

ವೇಡ್ ಸಂಜೆಗೆ ಕಣ್ಣು ಬಿಟ್ಟ. ನೋಂದಣಿಯವಳು ಬಂದು, ಇವನನ್ನು ಕರೆತಂದವರು ಯಾರು ಅಂತ ಕೇಳಿದಳು. ಅಮ್ಮ ಬಾಯಿ ತೆರೆಯುವ ಮೊದಲೇ ಅವನು, "ಮಿಸ್ಟರ್ ಗೆಂಟ್ರಿ. ಅವರು ನಮ್ಮ ಕಡೆಯವರು" ಅಂದ. 

ಅಮ್ಮ ನೋಂದಣಿಯವಳಿಗೆ ಗೆಂಟ್ರಿ ಅನ್ನುವ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿ ಬರೆಸಿದಳು.

ಭಾನುವಾರ ಅಮ್ಮ ಚಕ್ಕೆಪುಡಿ ಹಾಕಿದ ಸಿಹಿ ಬನ್ನು ಎರಡು ತಟ್ಟೆ ಮಾಡಿದಳು. ಒಂದು ಮಿಸ್ ವರ್ನಾಗೆ. ಇನ್ನೊಂದನ್ನು ನಾವು ಮೂವರೂ ಗೆಂಟ್ರಿ ಮನೆಗೆ ಒಯ್ದೆವು. ಅವರು ಹಳೇ ಅಂಗಿಯಲ್ಲಿ ಗಾಡಿ ಒರೆಸುತ್ತಿದ್ದರು. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷ, ಮಕ್ಕಳಿಲ್ಲ.

"ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ..." ಅಂತ ಅಮ್ಮ ಶುರು ಮಾಡಿದಳು.

"ಬನ್ನು ಬಿಸಿ ಇದೆಯಾ?" ಅಂದರು ಅವರು. ಅಲ್ಲೇ ನಿಂತು ಒಂದನ್ನು ತಿಂದು ಮುಗಿಸಿದರು.

"ಆವತ್ತು ಯಾರದೋ ಸಂಸ್ಕಾರ ನಡೀತಿತ್ತಂತೆ. ನೀವು ಅರ್ಧಕ್ಕೆ ಬಿಟ್ಟು ಬಂದ್ರಿ ಅಂತ ವರ್ನಾ ಹೇಳಿದ್ರು. ಆ ಮನೆಯವರು ಬೇಜಾರು ಮಾಡ್ಕೊಂಡಿರಬೇಕು. ಹೋಗಿ ಕ್ಷಮೆ ಕೇಳ್ಲಾ ಅಂತಿದೀನಿ."

"ಹೆರಾಲ್ಡ್ ಪೋಪ್‌ದು. ಗೋಧಿ ಗೋಪುರದಲ್ಲಿ ಕೆಲಸ ಮಾಡ್ತಿದ್ದ. ಅವನ ಹೆಂಡತಿನೇ, ಲೈಲ್ ನೀನು ಹೋಗು, ಹೆರಾಲ್ಡ್‌ಗೇನೂ ಅವಸರ ಇಲ್ಲ ಅಂದಳು. ನಾನು ತಿರುಗಿ ಬರೋ ತನಕ ಎಲ್ಲರೂ ಕೂತು ಕಾಫಿ ಕುಡಿದ್ರು. ಅವನೂ ಸಮಯಕ್ಕೆ ಸರಿಯಾಗಿ ಎಲ್ಲಿಗೂ ಹೋದೋನಲ್ಲ ಬಿಡಿ."

ಆ ವಾರ ಅಪ್ಪನ ಫೋನು ಬಂತು. ಅಮ್ಮ ಎಲ್ಲವನ್ನೂ ಹೇಳಿದಳು. ಅಪ್ಪ ಕೊನೆಯ ತನಕ ಕೇಳಿಸಿಕೊಂಡು ಅಂದ, "ಆ ಜಾಮಿನ ಬಾಟಲಿ... ಬೇಲಿ ಮೇಲೆ ಇಟ್ಟಿದ್ದೆ ಅಂತ ಅವರಿಗೆ ಹೇಳಿಬಿಡು. ಸುಳ್ಳು ಮನಸ್ಸಲ್ಲಿ ಇಟ್ಕೊಳ್ಳೋಕೆ ಆಗಲ್ಲ ನಂಗೆ."

ಅಮ್ಮ ಹೇಳಿದಳು. ಗೆಂಟ್ರಿ, "ಗೊತ್ತು. ಅದು ನನ್ನದೇ ಬೇಲಿ" ಅಂದರು.

ಜನವರಿಯಲ್ಲಿ ಅವರೇ ನಮ್ಮ ಮನೆ ಬಾಗಿಲಿಗೆ ಬಂದರು. ಟೋಪಿ ಕೈಯಲ್ಲಿತ್ತು, ಇನ್ನೊಂದು ಕೈಯಲ್ಲಿ ಮಡಚಿದ ಕಾಗದ. ಒಳಗೆ ಬನ್ನಿ ಅಂದರೂ ಬರದೆ ಚಳಿಯಲ್ಲೇ ನಿಂತರು.

"ಮಂಡಿ ಆಪರೇಷನ್ನು. ಟೊಪೀಕಾದಲ್ಲಿ, ಮುಂದಿನ ಮಂಗಳವಾರ. ಆಸ್ಪತ್ರೆಯವರು ಫಾರಂ ಕಳಿಸಿದಾರೆ." ಕೆಮ್ಮಿದರು. "ಒಂದು ಸಾಲು ಬಿಟ್ಟು ಎಲ್ಲಾ ತುಂಬಿದೀನಿ. ಈ ಊರಲ್ಲಿ ಎಲ್ಲರ ಮನೆಯವರಲ್ಲೂ ಒಬ್ಬರನ್ನಾದ್ರೂ ಹೂತಿದೀನಿ ಮಿಸೆಸ್ ಹ್ಯಾಡಿಕ್ಸ್. ನನಗೇ ಆಪರೇಷನ್ನು ಅಂದ್ರೆ ಮುಖ ಸಣ್ಣ ಮಾಡ್ಕೋತಾರೆ, ಈಗಲೇ ಹೂವು ತರ್ತಾರೆ. ನಿಮ್ಮ ಮನೆಯವರನ್ನ ಯಾರನ್ನೂ ಹೂತಿಲ್ಲ. ಅದಕ್ಕೆ ಕೇಳೋಣ ಅಂತ."

ಅಮ್ಮ ಕಾಗದ ತೆಗೆದುಕೊಂಡಳು. ಗೋಡೆಗೆ ಒತ್ತಿ ಹಿಡಿದು, ನಿಂತುಕೊಂಡೇ ತನ್ನ ಹೆಸರು ಬರೆದಳು. ಬದಲಿಗೆ ಯಾರ ಹೆಸರನ್ನೂ ಕೇಳದೆ ಅವಳು ತನ್ನ ಹೆಸರು ಬರೆದುಕೊಟ್ಟದ್ದು ಅದೇ ಮೊದಲು. ಸಂಬಂಧ ಅನ್ನುವ ಚೌಕದಲ್ಲಿ 'ಊರು' ಅಂತ ಬರೆದಳು. ಗೆಂಟ್ರಿ ಅದನ್ನು ಓದಿ, ಟೋಪಿ ಹಾಕಿಕೊಂಡು, ಜಾರುವ ಮೆಟ್ಟಿಲನ್ನು ಜೋಪಾನವಾಗಿ ಇಳಿದು ಹೋದರು.

ಮಂಗಳವಾರ ಅಮ್ಮ ಕೆಲಸಕ್ಕೆ ರಜೆ ಹಾಕಿದಳು. ನಮ್ಮಿಬ್ಬರ ಶಾಲೆಯನ್ನೂ ತಪ್ಪಿಸಿದಳು. ಮಿಸ್ ವರ್ನಾ ಹಾಜರಿ ಪುಸ್ತಕದಲ್ಲಿ ಏನು ಬರೆದುಕೊಂಡರೋ ನನಗೆ ಗೊತ್ತಿಲ್ಲ. ನಮ್ಮ ಕಾರಿನಲ್ಲೇ ಗೆಂಟ್ರಿಯನ್ನು ಟೊಪೀಕಾಕ್ಕೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಮಾರ್ಲೋ ಸಿಕ್ಕಿತು. ಶಾಲೆಯ ಈಜುಕೊಳದ ಗಾಜಿನ ಗೋಡೆಯ ಹಿಂದೆ ಹುಡುಗಿಯರು ನೀರಿಗೆ ಹಾರುತ್ತಿದ್ದರು. ನಾನು ಕತ್ತು ತಿರುಗಿಸಿ ಕಾಣುವಷ್ಟು ದೂರ ನೋಡಿದೆ. ಅದರ ಆಸೆ ನನಗೆ ಈಗಲೂ ಹೋಗಿಲ್ಲ, ಹೋಗಿದೆ ಅಂದರೆ ಸುಳ್ಳಾಗುತ್ತದೆ.

ಆಸ್ಪತ್ರೆಯಲ್ಲಿ ಮೂರು ಗಂಟೆ ಕಾದೆವು. ವೇಡ್ ಯಂತ್ರದಿಂದ ಚಿಪ್ಸ್ ತಂದ. ಅಮ್ಮ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಕೊನೆಗೆ ಹಸಿರು ಟೋಪಿಯ ನರ್ಸು ಬಾಗಿಲು ತಳ್ಳಿಕೊಂಡು ಬಂದು, ಕೈಯಲ್ಲಿದ್ದ ಕಾಗದ ನೋಡಿದಳು.

"ಗೆಂಟ್ರಿ ಅವರ ಕಡೆಯವರು ಯಾರು?"

ನಾವು ಮೂವರೂ ಎದ್ದು ನಿಂತೆವು.